ಕಂಬಗಳಿಲ್ಲದ ಫೋಟೋ

"ಹಿಂದ ಸರೀಬ್ಯಾಡ್ರಿ!"

ಕೂಗು ಕಿವಿಗೆ ಬೀಳುವಷ್ಟರಲ್ಲೇ ಯಾರೋ ಅಮೃತಳ ಮುಂಗೈ ಹಿಡಿದು ಎಳೆದರು. ಮರುಕ್ಷಣ ಅವಳು ನಿಂತಿದ್ದ ಹಳಿಯ ಮೇಲೆ ಖಾಲಿ ವ್ಯಾಗನ್‌ಗಳು ಸದ್ದಿಲ್ಲದೆ ಉರುಳಿ ಹೋದವು.

ಹುಮನಾಬಾದ್ ರೈಲ್ವೆ ಯಾರ್ಡ್. ಎದುರಿಗಿದ್ದ ಡೀಸೆಲ್ ಇಂಜಿನ್ನಿನ ಫೋಟೋ ಪೂರ್ತಿ ಬರಲೆಂದು ಅವಳು ಹಿಂದೆ ಹಿಂದೆ ಸರಿದಿದ್ದಳು. ಬೆನ್ನ ಹಿಂದೆ ಏನು ಬರುತ್ತಿದೆ ಎಂಬ ಪರಿವೆಯೇ ಇರಲಿಲ್ಲ.

"ಒಂದ ನೋಡಿದ್ರ ಆಯ್ತೇನ್ರಿ? ಸುತ್ತಮುತ್ತ ನೋಡಬೇಕೋ ಬ್ಯಾಡೋ?"

ಗದರಿದವನ ಕೊರಳಲ್ಲೂ ಕ್ಯಾಮೆರಾ ಇತ್ತು. ಅವಳ ಮುಂಗೈ ಹಿಡಿದಿದ್ದ ಕೈ ಮಾತ್ರ ಗಡಗಡ ನಡುಗುತ್ತಿತ್ತು.

'ಬೈಯುವವನ ಕೈ ಯಾಕೆ ನಡುಗಬೇಕು?'

ಇಬ್ಬರೂ ಬೇಲಿಯಾಚೆ ಬಂದು ನಿಂತರು. ಅವನು ಏನೂ ಆಗಿಯೇ ಇಲ್ಲವೆಂಬಂತೆ ಕ್ಯಾಮೆರಾ ಎತ್ತಿ ಅದೇ ಇಂಜಿನ್ನಿನ ಫೋಟೋ ತೆಗೆದ. ಅಮೃತಳಿಗೆ ಅಳುವಿನ ಜೊತೆ ನಗುವೂ ಬಂತು!

ಅವನು ದತ್ತಾತ್ರಿ, ದಾಲ್ ಮಿಲ್ಲಿನ ಮೆಕ್ಯಾನಿಕ್. ಅವಳು ಬಸವಕಲ್ಯಾಣದ ಬಟ್ಟೆ ಅಂಗಡಿ ಬಕ್ಕಪ್ಪನ ಮಗಳು. ಹುಮನಾಬಾದಿನ ಔಷಧ ಕಾರ್ಖಾನೆಯ ಲ್ಯಾಬಿಗೆ ದಿನಾ ಬಸ್ಸಿನಲ್ಲಿ ಬರುವವಳು. ಊರಿಗೆ ಒಬ್ಬ ಇಂಜಿನ್ ಹುಚ್ಚ ಸಾಲದೆಂದು ದೇವರು ಇಬ್ಬರನ್ನು ಕೊಟ್ಟಿದ್ದ! ಬೇಲಿಗೆ ಒರಗಿ ನಂಬರ್ ಓದುತ್ತ, ಯಾವ ಊರಿನ ಶೆಡ್ಡಿನ ಇಂಜಿನ್ ಎಂದು ಪಂಥ ಕಟ್ಟುತ್ತ, ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಷ್ಟು ಹಚ್ಚಿಕೊಂಡರು.

ಎರಡು ಚಳಿಗಾಲ ಕಳೆದ ಮೇಲೆ ಒಂದು ದಿನ ಅವನೇ ಹೇಳಿದ.

"ಐತವಾರ ಬಂದು ನಿಮ್ಮಪ್ಪಗ ಕೇಳ್ತೀನಿ."

ಆ ಭಾನುವಾರ ಅಮೃತ ಬೆಳಗಿನಿಂದ ಬಾಗಿಲಲ್ಲೇ ನಿಂತಳು. ದತ್ತಾತ್ರಿ ಬರಲಿಲ್ಲ! ಮಧ್ಯಾಹ್ನ ಮೊಬೈಲ್ ತೆಗೆದರೆ, ರೈಲು ಪ್ರಿಯರ ಗ್ರೂಪಿನಲ್ಲಿ ಅವನು ಹಾಕಿದ ಹೊಸ ಫೋಟೋ. ಯಾರ್ಡಿನಲ್ಲಿ ಒಂದು ಇಂಜಿನ್. ಜಲ್ಲಿಯ ಮೇಲೆ ಎರಡು ನೆರಳು. ಒಂದು ಕ್ಯಾಮೆರಾ ಹಿಡಿದವನದು, ಪಕ್ಕದಲ್ಲಿ ಇನ್ನೊಂದು... ದುಪಟ್ಟಾ ಹಾರುತ್ತಿದ್ದ ಹುಡುಗಿಯದು!

'ನನ್ನ ಮನೆಗೆ ಬರಬೇಕಾದ ದಿನ ಇನ್ನೊಬ್ಬಳ ಜೊತೆ ಅಲ್ಲಿ...'

ಕಣ್ಣು ಮಂಜಾಯಿತು. ಇಂಜಿನ್ನಿನ ನಂಬರನ್ನೂ ಅವಳು ಓದಲಿಲ್ಲ. ಅವನನ್ನು ಬ್ಲಾಕ್ ಮಾಡಿದಳು. ಸಂಜೆ ಅಂಗಡಿಯಿಂದ ಬಂದ ಅಪ್ಪನಿಗೆ, "ನೀವು ನೋಡಿಟ್ಟ ಮಂಠಾಳದ ಹುಡುಗಗ ಹೂಂ ಅನ್ರಿ" ಎಂದುಬಿಟ್ಟಳು. ಎದೆಯೊಳಗೆ ಏನೋ ಸತ್ತುಹೋಯಿತು.

ಇವತ್ತು ಸಾಖರಪುಡಾ, ಮದುವೆ ನಿಶ್ಚಯದ ಶಾಸ್ತ್ರ. ಸಂಜೆ ಮಂಠಾಳದವರು ಬಂದು ಸಕ್ಕರೆ ಕೊಟ್ಟರೆ ಮಾತು ಮುಗಿದಂತೆ. ಹೊಸ ಸೀರೆಯಲ್ಲಿ ಕೂತ ಅಮೃತ, ದತ್ತಾತ್ರಿಯ ಫೋಟೋಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಿದ್ದಳು. ಕೊನೆಗೆ ಉಳಿದದ್ದು ಆ ನೆರಳಿನ ಫೋಟೋ.

'ಇದೊಂದು ಹೋದರೆ ಎಲ್ಲ ಮುಗಿಯಿತು...'

ಬೆರಳು ಅಲ್ಲೇ ನಿಂತಿತು. ಇಂಜಿನ್ನಿನ ಮೇಲೆ ಬರೀ ಆಕಾಶವಿತ್ತು!

ಹೋದ ವರ್ಷವೇ ಯಾರ್ಡಿನ ತುಂಬ ಕರೆಂಟಿನ ಕಂಬ, ತಂತಿ ಬಂದಿದ್ದವು. ಈಗ ಅಲ್ಲಿ ಎತ್ತ ತಿರುಗಿ ಫೋಟೋ ತೆಗೆದರೂ ತಂತಿ ಬಾರದೆ ಇರುವುದಿಲ್ಲ. ಈ ಫೋಟೋದಲ್ಲಿ ಒಂದು ಕಂಬವೂ ಇಲ್ಲ. ಅಂದರೆ... ಇದು ಹಳೆಯದು! ನಂಬರ್ ಓದಿದಳು. ಭೇಟಿಯಾದ ಮೊದಲ ದಿನದ ಅದೇ ಡೀಸೆಲ್ ಇಂಜಿನ್. ಅದೇ ಬೇಲಿ. ಆ ದುಪಟ್ಟಾ...

'ಅಯ್ಯೋ! ನನ್ನ ನೆರಳು ನೋಡಿ ನಾನೇ ಹೊಟ್ಟೆ ಉರಿಸಿಕೊಂಡೆನಾ?'

ಫೋನ್ ಹಚ್ಚಿದಳು. ಅವನದು ಸ್ವಿಚ್ ಆಫ್. ಲ್ಯಾಬಿನ ಗೆಳತಿ ಆಯೆಷಾಗೆ ಹಚ್ಚಿದಳು.

"ನಿಂಗ ಗೊತ್ತಿಲ್ಲೇನ? ದತ್ತಾತ್ರಿ ಇವತ್ತ ಮಧ್ಯಾಹ್ನ ಬೀದರ್ ಗಾಡಿ ಹತ್ತತಾನ. ಲಾತೂರದಾಗ ಕೆಲಸ ಹಿಡದಾನ. ಇನ್ನ ಈ ಕಡೆ ಬರಂಗಿಲ್ಲ ಅಂದ," ಎಂದಳು ಆಯೆಷಾ. "ಅಂಗಡಿಗಿ ಬಂದು ನಿಮ್ಮ ಅಬ್ಬಾಗ ಕೇಳಿದ್ನಂತಲ್ಲ?"

ಅಮೃತ ಪಡಸಾಲೆಗೆ ಓಡಿದಳು.

"ಅಪ್ಪಾ... ಅವ ಐತವಾರ ಅಂಗಡಿಗಿ ಬಂದಿದ್ನಾ?"

ಬಕ್ಕಪ್ಪ ತಲೆ ತಗ್ಗಿಸಿದ.

"ಬಂದಿದ್ದ ಮಗಳ. ನೀ ಮಂಠಾಳದ ಹುಡುಗಗ ಒಪ್ಪೀದಿ ಅಂತ ಸುಳ್ಳ ಹೇಳಿ ಕಳಸೀನಿ. ಸಂಜಿಗಿ ನೀನೇ ಬಂದು ಹೂಂ ಅಂದಿ... ನನ್ನ ಸುಳ್ಳ ಖರೇ ಆಯ್ತಂತ ಸುಮ್ಮನಾದೆ."

"ಆ ಸುಳ್ಳಿನ ಜೋಡಿ ನಾ ಹ್ಯಾಂಗ ಬಾಳ್ವೆ ಮಾಡ್ಲಿ ಅಪ್ಪಾ?"

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಬಕ್ಕಪ್ಪ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ಹೆದ್ದಾರಿಯ ಬಸ್ಸು ಅವತ್ತೇ ತೆವಳಬೇಕೆ! ಮುಂದೆ ಲಾರಿಗಳ ಸಾಲು. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ಅಮೃತ ಮನದಲ್ಲೇ ಬೇಡಿಕೊಂಡಳು. 'ಒಂದು ಸಲ ಮುಖ ತೋರಿಸಪ್ಪಾ... ಬೈದರೂ ಸರಿ!'

ಸ್ಟೇಷನ್ ತಲುಪಿದಾಗ ಗಾಡಿ ಕದಲಿತ್ತು. "ದತ್ತಾ!" ಎಂದು ಕೂಗುತ್ತ ಓಡಿದಳು. ಕೊನೆಯ ಡಬ್ಬಿಯೂ ಅವಳನ್ನು ದಾಟಿ ಹೋಯಿತು. ಅಮೃತ ಪ್ಲಾಟ್‌ಫಾರಂ ತುದಿಯಲ್ಲಿ ಕುಸಿದು, ಬಾಯಿಗೆ ಸೆರಗೊತ್ತಿ ಬಿಕ್ಕಿದಳು. ಎಲ್ಲ ಮುಗಿದಿತ್ತು.

"ಅಮೃತಾ?"

ಬೇಲಿಯ ಕಡೆಯಿಂದ ಬಂದ ದನಿ! ಹೆಗಲಿಗೆ ಬ್ಯಾಗು, ಕೈಯಲ್ಲಿ ಕ್ಯಾಮೆರಾ ಹಿಡಿದು ದತ್ತಾತ್ರಿ ನಿಂತಿದ್ದ.

"ನೀ... ಗಾಡಿ ಹತ್ತಲಿಲ್ಲ?"

"ಇಂಜಿನ್ ಫೋಟೋ ತೆಗಿಯಾಕ ಮುಂದ ಹೋಗಿದ್ದೆ. ನನ್ನ ಬಿಟ್ಟೇ ಹೋಯ್ತು."

ಅವಳು ಅಳುತ್ತಲೇ ನಕ್ಕಳು. ಅವನ ಮುಖದಲ್ಲಿ ನಗುವಿರಲಿಲ್ಲ.

"ಸುಳ್ಳ ಹೇಳ್ದೆ. ಹತ್ತಾಕ ಕಾಲ ಬರಲಿಲ್ಲ. ಇವತ್ತ ನಿನ್ನ ಸಾಖರಪುಡಾ... ಇಲ್ಲಿಗಿ ಯಾಕ ಬಂದಿ?"

ಅವಳು ಮೊಬೈಲ್ ಮುಂದೆ ಹಿಡಿದಳು. "ಈ ಫೋಟೋ ಅವತ್ತ ಯಾಕ ಹಾಕಿದಿ?"

"ನಿಮ್ಮಪ್ಪನ ಅಂಗಡಿ ಮೆಟ್ಟಲ ಹತ್ತೋ ಮುಂಚೆ ಹಾಕಿದೆ. ಭಾಳ ಅಂಜಿಕಿ ಆಗಿತ್ತು. ನಾವು ಭೇಟಿ ಆದ ದಿನದ್ದು ನೋಡಿ ಧೈರ್ಯ ತಗೊಂಡೆ."

"ನಾ ಆಗ ಹೂಂ ಅಂದಿರಲಿಲ್ಲ, ಅಪ್ಪ ನಿಂಗ ಸುಳ್ಳ ಹೇಳಿದ್ರು. ನಾನೂ ನೆರಳ ಒಂದ ನೋಡಿ ಬ್ಯಾರೆ ಹುಡುಗಿ ಅಂದ್ಕೊಂಡೆ ದತ್ತಾ. ಸುತ್ತಮುತ್ತ ನೋಡ್ಲಿಲ್ಲ..." ಅವಳು ಮೊಬೈಲ್ ಕೆಳಗಿಳಿಸಿದಳು. "ನೀ ಇಲ್ದ ನಂಗ ಬದುಕಾಕ ಆಗಂಗಿಲ್ಲ!"

ಅವನು ಅವಳ ಮುಂಗೈ ಹಿಡಿದ. ಕೈ ಮೊದಲ ದಿನದಂತೆಯೇ ನಡುಗುತ್ತಿತ್ತು. ಅಷ್ಟರಲ್ಲಿ ಅವಳ ಫೋನ್ ಮೊಳಗಿತು.

"ಅಪ್ಪ..." ಎಂದಳು ಮೆಲ್ಲಗೆ.

"ಎತ್ತು. ನಾ ಮಾತಾಡ್ತೀನಿ."

"ಬೈದ್ರ?"

"ಬೈಸ್ಕೋತೀನಿ. ಆದ್ರ ಈ ಸಲ ಅಂಗಡಿಗಿ ಅಲ್ಲ, ನಿನ್ನ ಜೋಡಿ ಮನಿಗೇ ಬರ್ತೀನಿ."