ಪ್ಲಮ್‌ಟ್ರೀ ಬೇಕರಿಗೆ ಬರಬೇಕು

ಮಾರ್ಚ್ ಹನ್ನೊಂದರ ಮಂಗಳವಾರ, ಲ್ಯಾಂಕಾಶೈರಿನ ಹ್ಯಾಸ್ಲೋ ಪುರಸಭೆಯ ವ್ಯಾಪಾರ ತನಿಖಾ ಕಚೇರಿಗೆ ಅದೇ ದೂರು ಮತ್ತೆ ಬಂತು. ದೂರುದಾರ ನಾರ್ಮನ್ ಎಂಟ್‌ವಿಸಲ್, ನಿವೃತ್ತ ಬಸ್ ಚಾಲಕ. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ಕಳೆದುಕೊಂಡವರು. ಈಗ ಹಿಮ್ಮಡಿಯಲ್ಲೂ ಹುಣ್ಣು. ಅದು ಮಾಯದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಲಗಾಲಿಗೆ ಬೂಟು, ಎಡಗಾಲಿಗೆ ಬಟ್ಟೆಯ ಚಪ್ಪಲಿ ಹಾಕಿಕೊಂಡು ಬಂದಿದ್ದರು.

ಕಾನೂನಿನ ಪ್ರಕಾರ ದೊಡ್ಡ ಅಂಗಡಿಗಳಲ್ಲಿ ಬಿಲ್ ಕೌಂಟರಿನಿಂದ ಎರಡು ಮೀಟರಿನೊಳಗೆ ಚಾಕೊಲೇಟಿನಂಥ ತಿನಿಸು ಇಡುವಂತಿಲ್ಲ. ಮಿಲ್ ರಸ್ತೆಯ ಅಂಗಡಿಯಲ್ಲಿ ಇಡುತ್ತಾರೆ ಎಂಬುದು ದೂರು.

"ಚಾಕೊಲೇಟ್ ಸಾಲಿನ ಕಡೆ ನಾನು ತಲೆ ಹಾಕಲ್ಲ, ತಾಯಿ. ಕ್ಯೂನಲ್ಲಿ ನಿಂತ್ರೆ ಅದೇ ಬಂದು ಪಕ್ಕದಲ್ಲಿ ನಿಂತಿರುತ್ತೆ. ಜೀವಮಾನವೆಲ್ಲ ಬಸ್ ಓಡಿಸ್ದೆ, ಈ ಕೈಗೆ ಮಾತ್ರ ಬ್ರೇಕಿಲ್ಲ."

ಇನ್ಸ್‌ಪೆಕ್ಟರ್ ಗ್ವೆಂಡಾ ಥ್ಯಾಕ್ರೆ ಹಿಂದಿನ ಎರಡು ದೂರುಗಳಿಗೂ ಹೋಗಿ ನೋಡಿದ್ದರು. ಕೌಂಟರಿನ ಬಳಿ ಇದ್ದದ್ದು ಬ್ಯಾಟರಿ, ಪದಬಂಧದ ಪುಸ್ತಕ. ಮುದುಕನಿಗೆ ಭ್ರಮೆ ಎಂದು ಕಚೇರಿಯಲ್ಲಿ ನಗೆಯಾಡಿದರು. ಥ್ಯಾಕ್ರೆ ನಗಲಿಲ್ಲ. ಸುಳ್ಳು ಹೇಳುವವನು, ತಾನೇ ಕೊಂಡು ತಿಂದೆ ಎಂದು ಬರೆದು ಸಹಿ ಮಾಡುವುದಿಲ್ಲ.

ಅವರಿಗೆ ಬೇರೊಂದು ನೆನಪಾಯಿತು. ಎರಡೂ ಸಲ ತಾವು ಒಳಗೆ ಕಾಲಿಟ್ಟ ಕೂಡಲೇ ಅಂಗಡಿಯ ಧ್ವನಿವರ್ಧಕ ಒಂದೇ ಮಾತು ಹೇಳಿತ್ತು: ಮಿಸ್ಟರ್ ಪ್ಲಮ್‌ಟ್ರೀ ಬೇಕರಿಗೆ ಬರಬೇಕು.

"ಆ ಅಂಗಡೀಲಿ ಬೇಕರಿ ಇದೆಯಾ?" ಎಂದು ಸಹಾಯಕ ತಾರಿಕ್ ರಾವತ್‌ನನ್ನು ಕೇಳಿದರು.

"ಎಲ್ಲಿದೆ ಮೇಡಂ? ಬ್ರೆಡ್ಡು ಲಾರೀಲಿ ಬರುತ್ತೆ. ಬರೋ ಹೊತ್ತಿಗೇ ಹಳಸಿರುತ್ತೆ ಅಂತಾರೆ ನಮ್ಮಮ್ಮ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ರಾವತ್ ಕೊರಳಿನ ಗುರುತಿನ ಚೀಟಿ ತೆಗೆದಿಟ್ಟು, ಎಲೆಕೋಸು ಹಿಡಿದು ಕ್ಯೂನಲ್ಲಿ ನಿಂತ. ಪಕ್ಕದ ಸ್ಟ್ಯಾಂಡಿನ ತುಂಬ ಚಾಕೊಲೇಟು. ಸ್ವಲ್ಪ ಹೊತ್ತಿಗೆ ಥ್ಯಾಕ್ರೆ ಗುರುತಿನ ಚೀಟಿ ತೂಗಾಡಿಸುತ್ತ ಬಾಗಿಲು ದಾಟಿದರು. ಪ್ಲಮ್‌ಟ್ರೀಗೆ ಕರೆ ಹೋಯಿತು. ಅಂಗಡಿಯ ಇಬ್ಬರು ಹುಡುಗಿಯರು ಬಂದು ಸ್ಟ್ಯಾಂಡನ್ನು ಹಿಂದಿನ ಉಗ್ರಾಣಕ್ಕೆ ತಳ್ಳಿಕೊಂಡು ಹೋದರು, ಬ್ಯಾಟರಿ ಸ್ಟ್ಯಾಂಡನ್ನು ತಂದು ನಿಲ್ಲಿಸಿದರು. ಚಹಾ ಮಾಡುವಷ್ಟೇ ನಿರಾಳ. ರಾವತ್ ಅಮ್ಮನಿಗೆ ಕೋಸಿನ ಫೋಟೋ ಕಳಿಸುವವನಂತೆ ಫೋನ್ ಎತ್ತಿ ಎಲ್ಲವನ್ನೂ ಚಿತ್ರೀಕರಿಸಿಕೊಂಡ.

ಸ್ಥಳದಲ್ಲೇ ಪಂಚನಾಮೆ ನಡೆಯಿತು. ಚಾಕೊಲೇಟ್ ಸ್ಟ್ಯಾಂಡಿನ ಚಕ್ರಗಳು ನಿಂತೂ ನಿಂತೂ ನೆಲದಲ್ಲಿ ತಗ್ಗು ಬೀಳಿಸಿದ್ದವು. ಅಲ್ಲಿಂದ ಕೌಂಟರಿಗೆ ಒಂದು ಮೀಟರೂ ಇರಲಿಲ್ಲ.

ಮ್ಯಾನೇಜರ್ ಆಲ್ವಿನ್ ಹೆಸ್ಕೆತ್‌ನನ್ನು ಅಲ್ಲೇ ನಿಲ್ಲಿಸಿ ಕೇಳಿದರು.

"ಪ್ಲಮ್‌ಟ್ರೀ ಯಾರು?"

"ಇಲ್ಲಿ ಕೆಲಸ ಮಾಡಲ್ಲ."

"ಬೇಕರಿ?"

"ಇಲ್ಲ."

"ಇಲ್ಲದ ಮನುಷ್ಯನ್ನ ಇಲ್ಲದ ಜಾಗಕ್ಕೆ ಕರೀತೀರಿ."

ಹೆಸ್ಕೆತ್ ಆಲೂಗಡ್ಡೆ ಪೆಟ್ಟಿಗೆಯ ಮೇಲೆ ಕೂತು ಎಲ್ಲ ಹೇಳಿದ. ಪ್ಲಮ್‌ಟ್ರೀ ಪಕ್ಕದ ಊರಿನಲ್ಲಿದ್ದ ಇದೇ ಕಂಪನಿಯ ಅಂಗಡಿಯ ಮ್ಯಾನೇಜರ್. ಹೆಸ್ಕೆತ್‌ಗೆ ಕೆಲಸ ಕಲಿಸಿದವರು. ಕಾನೂನು ಬಂದ ದಿನವೇ ಚಾಕೊಲೇಟು ಒಳಗಿನ ಸಾಲಿಗೆ ಸೇರಿಸಿದರು. ಮುಂದಿನ ಚಳಿಗಾಲಕ್ಕೆ ಕಂಪನಿ ಆ ಅಂಗಡಿ ಮುಚ್ಚಿತು. ಶಟರ್ ಎಳೆದದ್ದು ಹೆಸ್ಕೆತ್. ಕೆಲಸ ಕಳೆದುಕೊಂಡ ಆ ಮನುಷ್ಯ ವರ್ಷ ತುಂಬುವ ಮೊದಲೇ ತೀರಿಕೊಂಡರು. ಎಚ್ಚರಿಕೆಯ ಕೂಗಿಗೆ ಹೆಸ್ಕೆತ್‌ಗೆ ತೋಚಿದ್ದು ಅವರ ಹೆಸರೇ.

"ಮುಚ್ಚಿದ್ದು ಚಾಕೊಲೇಟ್ ಒಳಗಿಟ್ಟಿದ್ದಕ್ಕೇ ಅಂತ ಗೊತ್ತಾ?"

"ಗೊತ್ತಿಲ್ಲ. ಹೆದರಿದೋನು ಕಾರಣ ಕೇಳ್ತಾನಾ, ಮೇಡಂ?" ಎಂದವನು, ಆಮೇಲೆ ದೂರು ಕೊಟ್ಟವರು ಯಾರೆಂದು ಕೇಳಿದ. ಅದನ್ನು ಹೇಳುವಂತಿಲ್ಲ ಎಂದು ಥ್ಯಾಕ್ರೆ ಬರೆಯುವುದನ್ನು ಮುಂದುವರಿಸಿದರು.

ಸಾಮಾನಿಗೆಂದು ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ನಾರ್ಮನ್ ಎದ್ದು ಕುಂಟುತ್ತ ಬಂದರು.

"ನಾನೇ ಕಣಯ್ಯ. ಬೇರೆ ಅಂಗಡಿಗೆ ಹೋಗೋದು ಸುಲಭ ಇತ್ತು, ಮನೆ ಬಾಗಿಲಿಗೇ ಬಸ್ಸಿದೆ. ಇದು ನಮ್ಮ ಅಂಗಡಿ, ಅದಕ್ಕೇ ಹೋಗ್ಲಿಲ್ಲ."

ಹೆಸ್ಕೆತ್ ಮುದುಕನ ಎಡಗಾಲಿನ ಬಟ್ಟೆಯ ಚಪ್ಪಲಿ ನೋಡಿದ. ನೋಡುತ್ತಲೇ ಇದ್ದ.

ಈ ಕಾನೂನಿನಲ್ಲಿ ಮೊದಲ ತಪ್ಪಿಗೆ ಕೈಕೋಳವಿಲ್ಲ, ಸುಧಾರಣೆಯ ನೋಟೀಸಿದೆ. ಥ್ಯಾಕ್ರೆ ಅದನ್ನು ಕಂಪನಿಗೆ ಜಾರಿ ಮಾಡಿದರು, ಅದರ ಒಂದು ಪ್ರತಿಯನ್ನು ಹೆಸ್ಕೆತ್ ಕೈಗೆ ಕೊಟ್ಟರು. ಉಗ್ರಾಣದ ಆಟ ಮುಖ್ಯ ಕಚೇರಿಯ ಅಪ್ಪಣೆಯೋ ಅವನೊಬ್ಬನದೋ ಎಂದು ಕೇಳಿದಾಗ ಅವನು ತನ್ನದೇ ಎಂದ. ಹುಡುಗಿಯರ ಹೆಸರು ಎತ್ತಲಿಲ್ಲ. ಅದನ್ನೂ ಅವರು ವರದಿಯಲ್ಲಿ ಬರೆದರು.

ಮೇ ತಿಂಗಳಲ್ಲಿ ಥ್ಯಾಕ್ರೆ ಮರುಪರಿಶೀಲನೆಗೆ ಹೋದರು. ಬಾಗಿಲು ದಾಟುತ್ತಲೇ ಧ್ವನಿವರ್ಧಕ ಗೊರಗೊರ ಎಂದಿತು. ರಾವತ್ ಉಗ್ರಾಣದ ಕಡೆ ತಿರುಗಿದ.

"ಮಿಸ್ಟರ್ ಪ್ಲಮ್‌ಟ್ರೀ," ಅದು ಹೆಸ್ಕೆತ್‌ನ ದನಿ, "ನೀವಿನ್ನು ಮನೆಗೆ ಹೋಗಬಹುದು."

ಬ್ಯಾಟರಿ ಸ್ಟ್ಯಾಂಡಿನ ಪಕ್ಕದ ಕ್ಯೂ ಒಂದು ಹೆಜ್ಜೆ ಮುಂದೆ ಸರಿಯಿತು. ನಾರ್ಮನ್ ಕೂಡ ಸರಿದರು. ಎರಡೂ ಕಾಲಿಗೆ ಬೂಟಿತ್ತು.