ತಿರುವಿನಲ್ಲಿ ಚಾಚಿದ ಕಾಲು

ಅವನು ಹೆಲ್ಮೆಟ್ ತೆಗೆದದ್ದೇ ತಡ, ಅವಳ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ನೆಲಕ್ಕೆ ಬಿತ್ತು.

ಅದೇ ಮುಖ... ಎಡ ಹುಬ್ಬನ್ನು ಎರಡಾಗಿ ಸೀಳಿದ ಅದೇ ಗಾಯದ ಗೆರೆ. ಅಣ್ಣನ ಫೋನಿನಲ್ಲಿದ್ದ ಫೋಟೋದಲ್ಲಿ ಈ ಮುಖವನ್ನು ದೊಡ್ಡದು ಮಾಡಿ ಮಾಡಿ ನೋಡಿ, ಎರಡು ವರ್ಷದಿಂದ ಅವಳು ಹಲ್ಲು ಕಡಿದಿದ್ದಳು. ಹುಡುಕಿಕೊಂಡು ಹೋಗೋಣವೆಂದರೆ ವಿಳಾಸ ಇರಲಿಲ್ಲ. ಈಗ ನೋಡಿದರೆ ಆಸಾಮಿ ತಾನಾಗಿಯೇ ಅವಳ ಗ್ಯಾರೇಜಿಗೆ, ಕೆಂಪು ಸ್ಪೋರ್ಟ್ಸ್ ಬೈಕ್ ತಳ್ಳಿಕೊಂಡು ನಗುತ್ತಾ ಬಂದಿದ್ದ.

“ಇಲ್ಲಿ ಮೆಕ್ಯಾನಿಕ್ ಯಾರು?”

“ನಾನೇ.”

ಮೊದಲ ಸಲ ಬಂದವರೆಲ್ಲ ಈ ಉತ್ತರ ಕೇಳಿ ಅವಳ ಬೆನ್ನ ಹಿಂದೆ ಯಾರಾದರೂ ಗಂಡಸು ಇದ್ದಾನೆಯೇ ಎಂದು ಇಣುಕುತ್ತಿದ್ದರು. ಇವನು ಇಣುಕಲಿಲ್ಲ. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಅವಳು ಅವನಿಗೆ ಕುರ್ಚಿ ಎಳೆದು ಹಾಕುತ್ತಿದ್ದಳೇನೋ.

ಸವಾರರ ಬಳಗದಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಗುಂಪಾಗಿ ಹೊರಟಾಗ ಮುಂದಿನ ಗಾಡಿ ಯಾವಾಗಲೂ ಅವನದೇ. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ, ಐದು ದಿನದಲ್ಲಿ ಮೂರು ಸಾವಿರ ಕಿಲೋಮೀಟರ್ ಹೋಗಬೇಕು, ಅದಕ್ಕೆ ಗಾಡಿ ಸಿದ್ಧವಾಗಬೇಕು ಎಂದ. ಬೈಕ್ ಸವಾರಿ ಕಲಿಸುವ ಶಾಲೆಯೊಂದರಲ್ಲಿ ತರಬೇತುದಾರನ ಕೆಲಸಕ್ಕೆ ಇದೇ ಕೊನೆಯ ಪರೀಕ್ಷೆಯಂತೆ. ಜೊತೆಗೆ ಬರಬೇಕಿದ್ದ ಮೆಕ್ಯಾನಿಕ್ ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿ ಕೂತಿದ್ದಾನಂತೆ.

ತರಬೇತುದಾರ... ಅವಳು ಬಗ್ಗಿ ಸ್ಪ್ಯಾನರ್ ಎತ್ತಿಕೊಂಡಳು. ‘ನಮ್ಮಣ್ಣನ ಕಾಲು ತಿಂದವನು ಇನ್ನು ಊರಿನವರಿಗೆಲ್ಲ ಗಾಡಿ ಓಡಿಸೋದು ಕಲಿಸ್ತಾನೆ!’

ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಅಣ್ಣ ಇವನ ಹಿಂದೆ ಹೋಗಿದ್ದ. ಬೆಟ್ಟ ಇಳಿಯುವಾಗ, ಒಂಟಿ ಬಂಡೆಯ ತಿರುವಿನಲ್ಲಿ ಅಣ್ಣನ ಗಾಡಿ ಜಲ್ಲಿಯ ಮೇಲೆ ಹಾರಿ ಜಾರಿತು. ಎರಡು ಗಂಟೆ ಅಲ್ಲೇ ಬಿದ್ದಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅವನು ಹೇಳಿದ್ದು ಒಂದೇ ಮಾತು: “ಕ್ಯಾಪ್ಟನ್ ಕಾಲು ಚಾಚಿ ದಾರಿ ಬಿಟ್ಟ ಪುಟ್ಟಿ, ನಾನು ಮುಂದೆ ನುಗ್ಗಿದೆ.”

ಎದುರಿಗೆ ಜಲ್ಲಿ ಇರುವುದು ಗೊತ್ತಿದ್ದೂ ದಾರಿ ಬಿಟ್ಟವನು ಮನುಷ್ಯನೇ? ಸಾಲದ್ದಕ್ಕೆ ಒಂದು ದಿನವೂ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

“ನಾನೇ ಬರ್ತೀನಿ ನಿಮ್ಮ ಜೊತೆ,” ಎಂದಳು ಅವಳು. “ನನ್ನ ಹತ್ತಿರಾನೂ ಗಾಡಿ ಇದೆ.”

ಇತ್ತು. ಅಣ್ಣನ ನುಜ್ಜುಗುಜ್ಜಾದ ಬೈಕನ್ನೇ ಅವಳು ಒಂದೊಂದು ಭಾಗವಾಗಿ ಮತ್ತೆ ಕಟ್ಟಿ, ಮೈತುಂಬಾ ಕಪ್ಪು ಬಣ್ಣ ಬಳಿದಿದ್ದಳು. ಹೊಸ ಕೃತಕ ಕಾಲು ಜೋಡಿಸಿಕೊಳ್ಳಲು ಅಣ್ಣ ಚಿಕ್ಕಮ್ಮನ ಊರಿಗೆ ಹೋಗಿದ್ದ. ಗಿರಾಕಿಯೊಬ್ಬರ ಗಾಡಿ ಪರೀಕ್ಷೆ ಮಾಡಿ ಬರುತ್ತೇನೆಂದು ಅವನಿಗೆ ಫೋನಿನಲ್ಲಿ ಸುಳ್ಳು ಹೇಳಿದಳು. ಆ ತಿರುವು ಸಿಗುವುದು ನಾಲ್ಕನೆಯ ದಿನ. ಅಲ್ಲಿ ಇವನ ಕೀ ಕಿತ್ತುಕೊಂಡು ಬಿಟ್ಟುಹೋಗುವುದು, ಪರೀಕ್ಷೆ ಮಣ್ಣುಪಾಲು ಮಾಡುವುದು ಎಂದು ಗಟ್ಟಿ ಮಾಡಿಕೊಂಡಳು.

ಬ್ರೇಕಿಗಾಗಲಿ ಚೈನಿಗಾಗಲಿ ಅವಳು ಕೈ ಹಚ್ಚಲಿಲ್ಲ. ಸೇಡು ಎಷ್ಟೇ ಇರಲಿ, ಕೆಲಸ ಕೆಲಸವೇ. ಆದರೆ ದಾರಿಗೆ ಬಿದ್ದ ಮೇಲೆ ದಿನಾ ಬೆಳಿಗ್ಗೆ ಅವನ ಗಾಡಿಯ ಹಿಂದಿನ ಸ್ಪ್ರಿಂಗನ್ನು ಒಂದೊಂದು ಸುತ್ತು ಬಿಗಿ ಮಾಡಿಬಿಡುತ್ತಿದ್ದಳು. ಗಾಡಿ ಕೆಡುವುದಿಲ್ಲ, ಬೆನ್ನು ಮಾತ್ರ ಕೆಡುತ್ತದೆ.

ಎರಡನೆಯ ಸಂಜೆ ಲಾಡ್ಜಿನ ಮುಂದೆ ಅವನು ಬೈಕಿನಿಂದ ಇಳಿಯಲಾರದೆ, ಟ್ಯಾಂಕಿನ ಮೇಲೆ ಎರಡೂ ಕೈ ಊರಿ ಕೂತಿದ್ದ. ಈ ಕಡೆಯ ರಸ್ತೆ ತೀರಾ ಕೆಟ್ಟುಹೋಗಿದೆ ಎಂದು ಗೊಣಗಿದ. ರಸ್ತೆ ಕನ್ನಡಿಯ ಹಾಗಿತ್ತು. ಅವಳು ಹೆಲ್ಮೆಟ್ಟಿನೊಳಗೇ ನಕ್ಕಳು. ಎರಡು ವರ್ಷದಲ್ಲಿ ಅಷ್ಟು ಮನಸಾರೆ ನಕ್ಕದ್ದು ಅದೇ ಮೊದಲು, ಅದೂ ಇವನಿಂದ! ಅದು ನೆನಪಾಗಿ ಅವಳ ಮೈಯೆಲ್ಲ ಉರಿಯಿತು.

ಮೂರನೆಯ ದಿನ ಬಯಲು. ಮರವಿಲ್ಲ, ಮನೆಯಿಲ್ಲ, ಎಡಗಡೆಯಿಂದ ಗಾಡಿಯನ್ನೇ ತಳ್ಳಿಬಿಡುವಂಥ ಗಾಳಿ. ಕಪ್ಪು ಬೈಕು ಎರಡು ಸಲ ಹೊಯ್ದಾಡಿತು. ಮುಂದಿದ್ದ ಅವನು ಏನೂ ಹೇಳದೆ ವೇಗ ಇಳಿಸಿ ಅವಳ ಎಡಕ್ಕೆ ಬಂದ. ಆಮೇಲೆ ಬಯಲು ಮುಗಿಯುವವರೆಗೂ ಅವಳಿಗೆ ಬಡಿಯಬೇಕಿದ್ದ ಗಾಳಿಯನ್ನೆಲ್ಲ ತಾನೇ ತಿಂದ.

ಊಟಕ್ಕೆ ನಿಂತಾಗ ಅವನ ತುಟಿ ಒಡೆದು ರಕ್ತ ಬಂದಿತ್ತು. ಅವಳಿಗೆ ಅರಿವಾಗುವ ಮೊದಲೇ ಕೈ ಚೀಲದಿಂದ ಮುಲಾಮು ತೆಗೆದು ಅವನ ಮುಂದೆ ಹಿಡಿದಿತ್ತು.

“ಮೆಕ್ಯಾನಿಕ್ ಅವರೇ, ನಿಮಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ,” ಎಂದ ಅವನು, ಮೆಲ್ಲಗೆ.

“ಸರಿಯಾಗೇ ಅಂದ್ಕೊಂಡಿದೀರಿ.”

ಅವನು ನಕ್ಕುಬಿಟ್ಟ. ಅವಳ ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ‘ಛೀ, ನಾಚಿಕೆಯಾಗಲ್ವಾ ನಿನಗೆ? ಅಣ್ಣ ಮೊದಲ ಸಲ ಕೋಲು ಹಿಡಿದು ಎದ್ದು ನಿಂತಾಗ ಹೇಗೆ ಅತ್ತಿದ್ದ ಅನ್ನೋದು ಮರೆತೋಯ್ತಾ?’ ಎಂದು ತನಗೆ ತಾನೇ ಉಗಿದುಕೊಂಡಳು. ಮರುದಿನ ಬೆಳಿಗ್ಗೆ ಸ್ಪ್ರಿಂಗನ್ನು ಎರಡು ಸುತ್ತು ಬಿಗಿ ಮಾಡಿದಳು.

ನಾಲ್ಕನೆಯ ದಿನ, ಮಧ್ಯಾಹ್ನ. ಒಂಟಿ ಬಂಡೆಯ ತಿರುವು ಬಂತು.

ಫೋಟೋಗಳಲ್ಲಿ ನೂರು ಸಲ ನೋಡಿದ್ದ ಜಾಗ. ಬೆಟ್ಟದಿಂದ ಉದುರಿದ ಜಲ್ಲಿ ಈಗಲೂ ರಸ್ತೆಯ ಬಲ ಅರ್ಧಕ್ಕೆ ಹರಡಿತ್ತು. ಅವಳು ಹೇಳುವ ಮೊದಲೇ ಅವನು ಗಾಡಿ ನಿಲ್ಲಿಸಿ, ಇಳಿದು, ಹೆಲ್ಮೆಟ್ ತೆಗೆದು ತಲೆ ತಗ್ಗಿಸಿ ನಿಂತ. ಅವಳು ಹೋಗಿ ಕೆಂಪು ಬೈಕಿನ ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

“ಇಲ್ಲಿ ಬಿದ್ದೋನು ನಮ್ಮಣ್ಣ.”

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಕಪ್ಪು ಬೈಕಿನ ಕಡೆ ನೋಡಿದ, ಮತ್ತೆ ಅವಳ ಕಡೆ ನೋಡಿದ. “ನೀವು... ಪುಟ್ಟಿ?”

“ಆ ಹೆಸರು ನಿಮ್ಮ ಬಾಯಲ್ಲಿ ಬರಬಾರದು.” ಎರಡು ವರ್ಷ ಬಾಯಿಪಾಠ ಮಾಡಿದ್ದ ಮಾತೆಲ್ಲ ಒಂದೇ ಉಸಿರಿಗೆ ಹೊರಬಂತು. “ಕಾಲು ಚಾಚಿ ಅವನನ್ನ ಜಲ್ಲಿ ಮೇಲೆ ಕಳಿಸಿದ್ರಿ. ಎರಡು ಗಂಟೆ ಒಬ್ಬನೇ ಬಿದ್ದಿದ್ದ. ಆಸ್ಪತ್ರೆಗೂ ಬರಲಿಲ್ಲ. ಈಗ ನೀವೂ ಇಲ್ಲೇ ಕೂತು ನೋಡಿ, ಎರಡು ಗಂಟೆ ಅಂದ್ರೆ ಎಷ್ಟು ಉದ್ದ ಅಂತ.”

ಅವನು ಕೀಗೆ ಕೈ ಚಾಚಲಿಲ್ಲ. “ಒಬ್ಬನೇ ಇರಲಿಲ್ಲ,” ಎಂದ. “ಬೆಲ್ಟಿಂದ ತೊಡೆ ಕಟ್ಟಿ, ಅವನ ತಲೆ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ಪ್ರಜ್ಞೆ ಬಂದಾಗಲೆಲ್ಲ ಪುಟ್ಟಿ ಅಂತಿದ್ದ. ಆಸ್ಪತ್ರೆಗೆ ಮೂರು ಸಲ ಬಂದೆ, ನಿಮ್ಮಪ್ಪ ಬಾಗಿಲಿಂದಲೇ ಕಳಿಸಿದ್ರು. ಮತ್ತೆ ಆ ಕಾಲು... ಬಲಗಡೆ ಜಲ್ಲಿ ಇದೆ, ಹುಷಾರು ಅಂತ ತೋರಿಸಿದ್ದು. ಅವನು ಯಾಕೆ ಅದರ ಮೇಲೇ ನುಗ್ಗಿದ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.”

“ಸುಳ್ಳು. ಕಾಲು ಚಾಚಿದ್ರೆ ಮುಂದೆ ಹೋಗು ಅಂತ. ಚಿಕ್ಕ ಮಕ್ಕಳಿಗೂ ಗೊತ್ತು.”

ಇನ್ನೊಂದು ಮಾತು ಕೇಳಲು ಅವಳು ನಿಲ್ಲಲಿಲ್ಲ. ಕಪ್ಪು ಬೈಕು ಬೆಟ್ಟ ಇಳಿಯಿತು.

ಹದಿನೈದು ಕಿಲೋಮೀಟರ್ ಕೆಳಗೆ ಪೆಟ್ರೋಲ್ ಬಂಕ್. ಅವಳು ನೀರಿನ ಬಾಟಲಿ ಹಿಡಿದು ಗೋಡೆಗೆ ಒರಗಿ ಕೂತಳು. ಸೇಡು ತೀರಿತ್ತು. ಕುಣಿಯುವಷ್ಟು ಖುಷಿಯಾಗಬೇಕಿತ್ತು, ಆದರೆ ಅವಳ ಕಣ್ಣು ಮತ್ತೆ ಮತ್ತೆ ಬೆಟ್ಟದ ಕಡೆಗೇ ಹೋಗುತ್ತಿತ್ತು. ತೊಡೆಗೆ ಕಟ್ಟಿದ್ದ ಬೆಲ್ಟಿನಿಂದಲೇ ಜೀವ ಉಳಿಯಿತು ಎಂದು ಡಾಕ್ಟರು ಹೇಳಿದ್ದರು. ಯಾರೋ ಲಾರಿಯವನು ಕಟ್ಟಿರಬೇಕು ಎಂದುಕೊಂಡಿದ್ದಳು.

ಒಂದು ಗಂಟೆ ಕಳೆದಿತ್ತು. ತಲೆ ನರೆತ ಆರೇಳು ಸವಾರರು ಪೆಟ್ರೋಲ್ ತುಂಬಿಸಿಕೊಂಡು ಸಾಲಾಗಿ ಹೊರಟರು. ಬಂಕಿನ ಬಾಗಿಲಿನಾಚೆ ರಸ್ತೆಯ ಬಲಕ್ಕೆ ಎಣ್ಣೆ ಚೆಲ್ಲಿತ್ತು. ಎಲ್ಲರ ಮುಂದಿದ್ದ ಹಿರಿಯರು ಬಲಗಾಲು ಚಾಚಿದರು.

ಹಿಂದಿದ್ದ ಯಾರೂ ಮುಂದೆ ನುಗ್ಗಲಿಲ್ಲ. ಒಬ್ಬೊಬ್ಬರಾಗಿ ಕಾಲು ಚಾಚಿ, ಹಿಂದಿನವರಿಗೆ ತೋರಿಸಿ, ಎಡಕ್ಕೆ ಸರಿದು ಹೋದರು.

ಅವಳು ಓಡಿಹೋಗಿ ಕೊನೆಯವರನ್ನು ತಡೆದು ಹಾಗೆಂದರೆ ಏನೆಂದು ಕೇಳಿದಳು. ಬಲಗೈ ಆಕ್ಸಿಲರೇಟರ್ ಮೇಲಿರುತ್ತದಲ್ಲ ತಾಯಿ, ಅದಕ್ಕೇ ಬಲಗಡೆಯ ಅಪಾಯವನ್ನು ಕಾಲಿನಲ್ಲಿ ತೋರಿಸುವುದು, ಎಲ್ಲ ಸವಾರರೂ ಮಾಡುವುದು ಹೀಗೆಯೇ ಎಂದರು ಅವರು.

ಎಲ್ಲ ಸವಾರರೂ. ಹಾಗಾದರೆ ಕಾಲು ಚಾಚಿದರೆ ಮುಂದೆ ಹೋಗು ಎಂದು ಅಣ್ಣನಿಗೆ ಕಲಿಸಿದ್ದು ಯಾರು?

ಅವಳು ತನ್ನ ಕಾಲನ್ನೇ ನೋಡಿದಳು.

ಅವಳೇ! ಏಳು ವರ್ಷದ ಪುಟ್ಟಿಗೆ ಸೈಕಲ್ಲಿನ ಹ್ಯಾಂಡಲ್ ಬಿಡಲು ಭಯ. ಹಿಂದೆ ಬರುತ್ತಿದ್ದ ಅಣ್ಣನಿಗೆ ಮುಂದೆ ಹೋಗು ಎಂದು ಕೈ ಬೀಸುವ ಬದಲು ಕಾಲು ಚಾಚುತ್ತಿದ್ದಳು. ಅದೇ ಅವರಿಬ್ಬರ ಭಾಷೆಯಾಯಿತು. ಆಮೇಲೆ ಮೊಪೆಡ್ ಬಂತು, ಬೈಕು ಬಂತು, ಭಾಷೆ ಮಾತ್ರ ಬದಲಾಗಲಿಲ್ಲ. ಲೋಕಕ್ಕೆಲ್ಲ ಅದಕ್ಕೆ ಬೇರೆ ಅರ್ಥವಿದೆ ಎಂದು ಆ ಇಬ್ಬರಿಗೂ ಯಾರೂ ಹೇಳಲಿಲ್ಲ.

ಅಣ್ಣನಿಗೆ ಫೋನ್ ಮಾಡಿದಳು. ಎಲ್ಲಿದ್ದೇನೆ, ಏನು ಮಾಡಿ ಬಂದೆ ಎಲ್ಲ ಹೇಳಿದಳು.

“ನನಗೆ ಗೊತ್ತಿತ್ತು ಪುಟ್ಟಿ,” ಎಂದ ಅಣ್ಣ. “ಬಿದ್ದು ಆರು ತಿಂಗಳಾದ ಮೇಲೆ ಯಾರೋ ಹೇಳಿದ್ರು, ಅವತ್ತೇ ಗೊತ್ತಾಯ್ತು. ಆದ್ರೆ ನಿನಗೆ ಹೇಳಿದ್ರೆ ನಿನ್ನ ಮೇಲೇ ಹಾಕ್ಕೊಂಡು ಕೊರಗ್ತೀಯ. ನಿನಗೆ ಗುರುತಿಲ್ಲದೋನ ಮೇಲೆ ಸಿಟ್ಟಿದ್ರೆ ಇರಲಿ ಅಂತ ಸುಮ್ಮನಾದೆ... ತಪ್ಪು ಮಾಡಿದೆ. ಹೋಗು, ಅವನನ್ನ ಕರ್ಕೊಂಡು ಬಾ.”

ಅಳುತ್ತಾ ಬೈಕ್ ಓಡಿಸಬಾರದು ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವಳು ಅಳುತ್ತಲೇ ಬೆಟ್ಟ ಹತ್ತಿದಳು.

ತಿರುವಿನಲ್ಲಿ ಅವನು ಕೂತಿರಲಿಲ್ಲ. ಪೊದೆಯ ಕೊಂಬೆಯೊಂದನ್ನು ಮುರಿದು ರಸ್ತೆಯ ಜಲ್ಲಿಯನ್ನು ಗುಡಿಸಿ ಅಂಚಿಗೆ ತಳ್ಳುತ್ತಿದ್ದ. ಅಂಗೈ ತರಚಿತ್ತು. ಅರ್ಧಕ್ಕಿಂತ ಹೆಚ್ಚು ರಸ್ತೆ ಸ್ವಚ್ಛವಾಗಿತ್ತು.

ಅವಳು ಕೀ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಇನ್ನೊಂದು ಕೊಂಬೆ ಮುರಿದುಕೊಂಡು ಪಕ್ಕದಲ್ಲಿ ನಿಂತು ಗುಡಿಸತೊಡಗಿದಳು. ಗುಡಿಸುತ್ತಾ ಸೈಕಲ್ಲಿನ ಕತೆ ಹೇಳಿದಳು. ಅವನು ಕೊಂಬೆ ಕೆಳಗಿಟ್ಟು ಕಲ್ಲಿನ ಮೇಲೆ ಕುಸಿದು ಕೂತ. ತನ್ನ ಸನ್ನೆ ತಡವಾಯಿತೇನೋ ಎಂದು ಎರಡು ವರ್ಷ ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. ತರಬೇತುದಾರನಾಗಲು ಹೊರಟದ್ದೂ ಅದಕ್ಕೇ. ಕಲಿಯಲು ಬಂದವರಿಗೆ ಮೊದಲ ದಿನ ಬೈಕ್ ಹತ್ತಿಸದೆ ಸನ್ನೆಗಳನ್ನೇ ಕಲಿಸಬೇಕೆಂದಿದ್ದ.

“ಏಳು ವರ್ಷದ ಮಗು ಮಾಡಿದ್ದು ಯಾರ ತಪ್ಪೂ ಅಲ್ಲ,” ಎಂದ. “ನಿನ್ನದಂತೂ ಅಲ್ಲವೇ ಅಲ್ಲ.”

ಅವನು ‘ನೀವು’ ಬಿಟ್ಟು ‘ನೀನು’ ಎಂದದ್ದನ್ನು ಇಬ್ಬರೂ ಆಗ ಗಮನಿಸಲಿಲ್ಲ.

ರಸ್ತೆ ಸ್ವಚ್ಛವಾದ ಮೇಲೆ ಅವಳು ಕೀಯನ್ನು ಅವನ ಕೈಗಿಟ್ಟಳು. ಕಳೆದುಹೋದ ಹೊತ್ತು ಮಾತ್ರ ಮತ್ತೆ ಕೈಗೆ ಸಿಗಲಿಲ್ಲ. ಮರುದಿನ ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದು ಓಡಿಸಿದರೂ ಪಶ್ಚಿಮದ ಕಡಲು ಕಾಣುವಾಗ ಪರೀಕ್ಷೆಯ ಗಡುವಾದ ಸಂಜೆ ಆರು ಗಂಟೆ ದಾಟಿ ನಲವತ್ತು ನಿಮಿಷವಾಗಿತ್ತು. ಪರೀಕ್ಷಕರು ತಡವಾದದ್ದೇಕೆಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ, ರಸ್ತೆಯಲ್ಲಿ ಜಲ್ಲಿ ಇತ್ತು ಸಾರ್, ಗುಡಿಸಿ ಬಂದೆ ಎಂದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿ, ಮುಂದಿನ ವರ್ಷ ಬನ್ನಿ ಎಂದು ಕಡತ ಮುಚ್ಚಿದರು.

ಕಡಲ ದಂಡೆಯ ಗೋಡೆಯ ಮೇಲೆ ಅವಳು ಮುಖ ಮುಚ್ಚಿಕೊಂಡು ಕೂತಳು. ಅವನು ಬಂದು ಪಕ್ಕದಲ್ಲಿ ಕೂತ.

“ನಿಮ್ಮ ಒಂದು ವರ್ಷ ಹಾಳು ಮಾಡಿದೆ,” ಎಂದಳು. “ಈಗ ಸೇಡು ತೀರಿಸೋ ಸರದಿ ನಿಮ್ಮದು. ಏನು ಬೇಕಾದ್ರೂ ಮಾಡಿ, ಸುಮ್ಮನೆ ಸಹಿಸ್ಕೋತೀನಿ.”

“ಏನು ಬೇಕಾದ್ರೂ?”

“ಹೂಂ.”

“ಹಾಗಾದ್ರೆ ನಾಳೆ ನಿಮ್ಮಣ್ಣನ ಹತ್ತಿರ ಕರ್ಕೊಂಡು ಹೋಗು. ಅವನಿಗೆ ಎರಡು ಮಾತು ಹೇಳೋದಿದೆ. ಒಂದು, ನಾನು ಇನ್ನೂ ಸ್ವಲ್ಪ ಮೊದಲೇ ಬಂದು ಅವನ ಪಕ್ಕದಲ್ಲಿ ಕೂರಬೇಕಿತ್ತು ಅಂತ.”

“ಎರಡನೇದು?”

ಅವನು ಕಡಲನ್ನು ನೋಡಿದ. ಮೂರು ಸಾವಿರ ಕಿಲೋಮೀಟರ್ ಅಳುಕದೆ ಬಂದವನು ಈ ಒಂದು ಮಾತಿಗೆ ಅಳುಕಿದ. “ಅದನ್ನ ಅವನಿಗಿಂತ ಮೊದಲು ನಿನ್ನ ಕೇಳಬೇಕು. ನೀನು ಒಪ್ಪಿದ್ರೆ ಮಾತ್ರ ಅವನಿಗೆ ಹೇಳೋದು.”

ಅವಳು ಕಣ್ಣೊರೆಸಿಕೊಂಡು ಅವನ ತರಚಿದ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಗ್ರೀಸ್ ಕಲೆಯ ಬೆರಳುಗಳು ಅದರ ಮೇಲೆ ಮೆಲ್ಲಗೆ ಮುಚ್ಚಿಕೊಂಡವು.

“ಸನ್ನೆ ಗಿನ್ನೆ ಎಲ್ಲ ಬೇಡ,” ಎಂದಳು. “ಬಾಯಿ ಬಿಟ್ಟು ಹೇಳು.”

ಅವನು ಹೇಳಿದ. ಅವಳು ಒಪ್ಪಿದಳು.