ಹಗ್ಗಕ್ಕೆ ಸಿಕ್ಕಿಸಿದ ಚೀಟಿ

“ಮಿಸ್, ಲೈಟ್ ಆರಿಸೋದಕ್ಕೆ ಇಂಗ್ಲಿಷಲ್ಲಿ ‘ಟರ್ನ್ ಆಫ್’ ಅಂತಾರಲ್ಲ, ಲೈಟನ್ನ ಯಾವ ಕಡೆ ತಿರುಗಿಸ್ತಾರೆ?”

“ಈ ಪ್ರಶ್ನೆ ನಿಂಗೆ ಎಲ್ಲಿ ಸಿಕ್ತು ರಂಬು?”

“ಅಣ್ಣನ ಹಾಸ್ಟೆಲಲ್ಲಿ ಮಿಸ್. ನಮ್ಮ ಭಾಷೇಲಿ ದೀಪ ಸಾಯಿಸು ಅಂತೀವಲ್ಲ, ಅಣ್ಣ ಅದನ್ನೇ ಇಂಗ್ಲಿಷ್ ಮಾಡಿ ‘ಮೇಕ್ ದ ಲೈಟ್ ಡೆಡ್’ ಅಂದುಬಿಟ್ಟ!”

ರೇಡಿಯೊದಲ್ಲಿ ಬರುತ್ತಿದ್ದ ಈ ಮಾತು ಕೇಳಿ, ಲಾರಸ್‌ಳ ಮನೆಯ ಪುಟ್ಟ ಹೋಟೆಲಿನಲ್ಲಿ ಊಟ ಮಾಡುತ್ತಿದ್ದ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಬೇಯಿಸಿದ ಸೊಪ್ಪಿನ ಮೇಲೆ ಶೇಂಗಾ ಚಟ್ನಿ ಸುರಿಯುತ್ತಿದ್ದ ಲಾರಸ್‌ಳ ಅಮ್ಮ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. “ಎಂಥಾ ತಲೆ ನೋಡಿ ಈ ಹುಡುಗೀದು!”

ಲಾರಸ್ ಎಂಜಲು ತಟ್ಟೆಗಳನ್ನು ಎತ್ತಿ ದಡಾರನೆ ತೊಟ್ಟಿಗೆ ಹಾಕಿದಳು. ಎರಡು ವಾರದಿಂದ ಬರೀ ರಂಬು, ರಂಬು, ರಂಬು!

ಪಾರೆ ಊರಿನ ತುಂಬ ಇಂಗ್ಲಿಷ್ ಕಲಿಯಲು ಬಂದವರೇ. ದೂರದ ದ್ವೀಪಗಳವರೆಲ್ಲ ಬಾಡಿಗೆ ಸೈಕಲ್ ತುಳಿಯುತ್ತ, ಬಾಯಲ್ಲಿ ಪಾಠ ಗುನುಗುತ್ತ ಓಡಾಡುತ್ತಾರೆ. ಮೊನ್ನೆ ಒಬ್ಬ ಸೈಕಲ್ ಸಮೇತ ಚರಂಡಿಗೆ ಬಿದ್ದ. ದಾರಿಯಲ್ಲಿ ಹೋಗುವವರು ‘ಹೌ ಆರ್ ಯು?’ ಅಂತ ಕೂಗಿದರು. ಅವನು ಕೆಸರಿನಿಂದ ತಲೆ ಎತ್ತಿ, ‘ಫೈನ್, ಥ್ಯಾಂಕ್ ಯು, ಆಂಡ್ ಯು?’ ಅಂದ. ಅಷ್ಟು ಬಾಯಿಪಾಠ!

ರಂಬುವಿನ ಅಣ್ಣ ಹಡಗಿನ ಕೆಲಸ ಹಿಡಿಯಲು ಇಂಗ್ಲಿಷ್ ಕಲಿಯುತ್ತಿದ್ದ. ಅಮ್ಮ ತೈವಾನಿನಲ್ಲಿ ಮನೆಗೆಲಸಕ್ಕೆ ಹೋಗಿದ್ದಳು. ಊರಲ್ಲಿ ನೋಡಿಕೊಳ್ಳುವವರಿಲ್ಲದೆ ಅಣ್ಣ ತಂಗಿಯನ್ನೂ ಸುಂಬಾ ದ್ವೀಪದಿಂದ ಕರೆತಂದಿದ್ದ. ಹುಡುಗರ ಹಾಸ್ಟೆಲಲ್ಲಿ ಹುಡುಗಿ ಇರುವ ಹಾಗಿಲ್ಲ. ಹಾಗಾಗಿ ರಂಬು ಈಗ ಲಾರಸ್‌ಳ ಕೋಣೆಯಲ್ಲಿ, ಲಾರಸ್‌ಳ ಚಾಪೆಯ ಪಕ್ಕದಲ್ಲೇ ಮಲಗುತ್ತಿದ್ದಳು.

ಸಂಜೆ ಅಪ್ಪ ತೋಫು ಮಾಡುವ ಶೆಡ್ಡಿನಿಂದ ಬಂದ. “ಇವತ್ತೂ ನಾವೆಲ್ಲ ರೇಡಿಯೊ ಹಾಕ್ಕೊಂಡು ಕೂತಿದ್ವಿ. ‘ನಿನ್ ಮಗಳು ಯಾವಾಗ ಬರ್ತಾಳೋ’ ಅಂತ ಎಲ್ರೂ ಕೇಳ್ತಾರೆ ಕಣಮ್ಮ.”

“ಮುಂದಿನ ಶನಿವಾರ, ಖಂಡಿತ!” ಅಂದಳು ಲಾರಸ್.

ರೇಡಿಯೊಗೆ ಹೋಗುವುದು ಸುಲಭವಿರಲಿಲ್ಲ. ಹೆಸ್ತಿ ಮಿಸ್ ತಮ್ಮ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಜಗಲಿಗೆ ಅಡ್ಡಲಾಗಿ ಬಟ್ಟೆ ಒಣಹಾಕುವ ಹಗ್ಗ. ಮಕ್ಕಳು ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅದಕ್ಕೆ ಸಿಕ್ಕಿಸಬೇಕು. ಗುರುವಾರ ಮಿಸ್ ಒಂದನ್ನು ಆರಿಸುತ್ತಾರೆ. ಕೇಳಿದವರು ಎದ್ದು, ಆ ಪ್ರಶ್ನೆ ಎಲ್ಲಿ ಸಿಕ್ಕಿತು ಎಂದು ಹೇಳಬೇಕು. ಶನಿವಾರ ಅವರೇ ಮಿಸ್ ಜೊತೆ ಊರಿನ ಪುಟ್ಟ ರೇಡಿಯೊದಲ್ಲಿ ಕೂರುತ್ತಾರೆ.

ಲಾರಸ್ ಕ್ಲಾಸಿಗೇ ಫಸ್ಟ್. ಪ್ರಶ್ನೆ ಕೇಳುವವರು ದಡ್ಡರು, ಉತ್ತರ ಹೇಳುವವರು ಜಾಣರು ಎನ್ನುವುದು ಅವಳ ಲೆಕ್ಕ. ಹಾಗಾಗಿ ಕಳೆದ ವಾರ ಅವಳು ‘ಗೋ ಪದದ ಭೂತಕಾಲ ಯಾವುದು?’ ಅಂತ ಬರೆದಿದ್ದಳು.

“ನಿಂಗೆ ಗೊತ್ತಿಲ್ವಾ?” ಎಂದಿದ್ದರು ಮಿಸ್.

“ಗೊತ್ತು ಮಿಸ್. ವೆಂಟ್.”

“ಮತ್ಯಾಕೆ ಕೇಳ್ದೆ ಪುಟ್ಟಿ?”

ಎಲ್ಲರೂ ನಕ್ಕಿದ್ದರು. ರಂಬು ನಕ್ಕಿರಲಿಲ್ಲ. ಅದೂ ಲಾರಸ್‌ಗೆ ಸಿಟ್ಟೇ. “ದೊಡ್ಡ ಒಳ್ಳೆಯವಳ ಹಾಗೆ ಆಡ್ತಾಳೆ, ರಂಬುಟಾನ್!” ಅಂತ ಕೂದಲುಕೂದಲಾದ ಹಣ್ಣಿನ ಹೆಸರಿಟ್ಟು ಗೆಳತಿಯ ಕಿವಿಯಲ್ಲಿ ಹೇಳಿದ್ದಳು.

ಬುಧವಾರ ಮಧ್ಯಾಹ್ನ ರಂಬು ಹ್ಯಾಂಡ್‌ಪಂಪಿನ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಲಾರಸ್ ಕೋಣೆ ಗುಡಿಸಲು ಚಾಪೆ ಎತ್ತಿದಳು. ರಂಬುವಿನ ದಿಂಬಿನ ಕೆಳಗೆ ಒಂದು ಚೀಟಿ ಇತ್ತು. ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ತೆಳ್ಳಗಾಗಿತ್ತು.

‘ಹೌ ಆರ್ ಯು ಅಂತ ಕೇಳಿದಾಗ ನಾವು ಫೈನ್ ಆಗಿಲ್ಲದಿದ್ದರೆ ಏನು ಹೇಳಬೇಕು?’

ಲಾರಸ್ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎಂಥಾ ಪ್ರಶ್ನೆ! ಚರಂಡಿಗೆ ಬಿದ್ದವನನ್ನು ತಾನೂ ನೋಡಿದ್ದಳಲ್ಲ, ತನಗ್ಯಾಕೆ ಹೊಳೆಯಲಿಲ್ಲ? ರಂಬು ರೇಡಿಯೊಗೆ ಎರಡು ಸಲ ಹೋಗಿ ಬಂದಿದಾಳೆ, ಇದೊಂದು ನನಗಿರಲಿ ಅಂದುಕೊಂಡಳು. ತನ್ನ ಗುಂಡು ಅಕ್ಷರದಲ್ಲಿ ಬರೆದುಕೊಂಡು, ರಂಬುವಿನ ಚೀಟಿಯನ್ನು ಇದ್ದಲ್ಲೇ ಇಟ್ಟಳು.

ಮರುದಿನ ತನ್ನ ಚೀಟಿಯನ್ನು ಹಗ್ಗಕ್ಕೆ ಸಿಕ್ಕಿಸಿ ಓರೆಗಣ್ಣಲ್ಲಿ ನೋಡಿದಳು. ರಂಬು ಸಿಕ್ಕಿಸಿದ್ದು ಬೇರೆ ಚೀಟಿ: ‘ಒಂದು ಕುರಿಯೂ ಶೀಪ್, ನೂರು ಕುರಿಯೂ ಶೀಪ್, ಯಾಕೆ?’ ಲಾರಸ್‌ಗೆ ಹೋದ ಜೀವ ಬಂದ ಹಾಗಾಯಿತು.

ಹೆಸ್ತಿ ಮಿಸ್ ಚೀಟಿಗಳನ್ನು ಒಂದೊಂದಾಗಿ ಓದುತ್ತ ಬಂದರು. ಒಂದರ ಮುಂದೆ ನಿಂತುಬಿಟ್ಟರು.

“ಲಾರಸ್! ಇಷ್ಟು ವರ್ಷ ಪಾಠ ಮಾಡಿದೀನಿ, ಇದನ್ನ ಯಾರೂ ಕೇಳಿರಲಿಲ್ಲ.” ಮಿಸ್ ಗಟ್ಟಿಯಾಗಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರಂಬು ಮಾತ್ರ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಳು.

“ಎಲ್ಲಿ ಸಿಕ್ತು ಹೇಳು.”

ಲಾರಸ್ ಚರಂಡಿಯ ಕತೆ ಹೇಳಿದಳು. ಕೆಸರು ಒರೆಸಿಕೊಳ್ಳುವ ಹಾಗೆ ಮಾಡಿಯೂ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಿಸ್ ಕೂಡ ನಕ್ಕರು. “ಸರಿ, ಅದು ಅವನ ಕತೆ ಆಯ್ತು. ನೀನು ಯಾವತ್ತು ಫೈನ್ ಆಗಿಲ್ದೇ ಫೈನ್ ಅಂದೆ?”

ಲಾರಸ್‌ಗೆ ಅಳಿಸಿ ಅಳಿಸಿ ತೆಳ್ಳಗಾದ ಆ ಕಾಗದ ಕಣ್ಣ ಮುಂದೆ ಬಂತು. ಚರಂಡಿಗೆ ಬಿದ್ದವನ ಕತೆಯನ್ನು ಯಾರೂ ಅಷ್ಟು ಸಲ ಅಳಿಸುವುದಿಲ್ಲ. ರಂಬುವಿನ ಕಣ್ಣಿಂದ ಒಂದು ಹನಿ ಟಪ್ಪೆಂದು ಚಾಪೆಯ ಮೇಲೆ ಬಿತ್ತು.

ಶೆಡ್ಡಿನಲ್ಲಿ ರೇಡಿಯೊ ಹಾಕಿಕೊಂಡು ಕೂರುವ ಅಪ್ಪ ನೆನಪಾದ. ಆದರೂ ಹೇಳಿಬಿಟ್ಟಳು.

“ಇದು ನಂದಲ್ಲ ಮಿಸ್. ರಂಬುದು. ಅವಳ ದಿಂಬಿನ ಕೆಳಗಿತ್ತು. ಕದ್ದುಬಿಟ್ಟೆ.”

ಯಾರೋ “ಅಯ್ಯೋ ಕಳ್ಳಿ!” ಅಂದರು. ಅಂದವರನ್ನು ಮಿಸ್ ಒಮ್ಮೆ ನೋಡಿದರು. ಆಮೇಲೆ ರಂಬುವಿನ ಕಡೆ ತಿರುಗಿ ಮೆಲ್ಲಗೆ ಕೇಳಿದರು, “ನಿಂಗೆ ಎಲ್ಲಿ ಸಿಕ್ತಮ್ಮ?”

“ಲಾರಸ್ ಮನೆ ಬಾಗಿಲಲ್ಲಿ ಮಿಸ್.”

ಲಾರಸ್ ತಲೆ ಎತ್ತಿದಳು.

“ನಾವು ಬಂದ ದಿವ್ಸ. ಎರಡು ದಿನ ಹಡಗಲ್ಲಿ ವಾಂತಿ ಮಾಡ್ಕೊಂಡು ಬಂದಿದ್ದೆ. ಅಮ್ಮ ಹೋಗಿ ಹತ್ತೇ ದಿನ ಆಗಿತ್ತು. ಲಾರಸ್ ಬಾಗಿಲಲ್ಲಿ ನಿಂತು ‘ಹೌ ಆರ್ ಯು?’ ಅಂದ್ಲು. ನಂಗೆ ಬರ್ತಿದ್ದಿದ್ದು ಒಂದೇ ಉತ್ತರ. ಅದನ್ನೇ ಹೇಳ್ದೆ.” ರಂಬು ಮೂಗು ಒರೆಸಿಕೊಂಡಳು. “ಅವಳು ‘ವೆರಿ ಗುಡ್’ ಅಂತ ಹೇಳಿ ಒಳಗೆ ಹೋದ್ಲು.”

ಲಾರಸ್‌ಗೆ ಆ ದಿನ ಚೆನ್ನಾಗಿ ನೆನಪಿತ್ತು. ಪಕ್ಕದ ಮನೆಯವರೆಲ್ಲ ನೋಡುತ್ತಿದ್ದಾರೆ ಅಂತಲೇ ಅವಳು ಇಂಗ್ಲಿಷಿನಲ್ಲಿ ಕೇಳಿದ್ದಳು.

“ಶನಿವಾರ ರಂಬು ಓದ್ತಾಳೆ. ಉತ್ತರ ನಾವೆಲ್ಲ ಸೇರಿ ಹುಡುಕೋಣ,” ಅಂದರು ಮಿಸ್.

ಮನೆಗೆ ಹೋಗುವಾಗ ಲಾರಸ್ ಸೈಕಲ್ ತುಳಿಯುತ್ತಿದ್ದಳು, ರಂಬು ಹಿಂದೆ ಕ್ಯಾರಿಯರ್ ಮೇಲೆ.

ಕಬ್ಬಿನ ಗದ್ದೆಯ ಹತ್ತಿರ ಲಾರಸ್ ಸೈಕಲ್ ನಿಲ್ಲಿಸಿದಳು. ಹಿಂದಕ್ಕೆ ತಿರುಗಿ ಕೇಳಿದಳು, “ಹೌ ಆರ್ ಯು?”

ರಂಬು ಅಂದಳು, “ನಾಟ್ ಫೈನ್.” ಆಮೇಲೆ, “ಆಂಡ್ ಯು?”

“ನಾನೂ ಇಲ್ಲ ಕಣೆ. ಅಪ್ಪಂಗೆ ಏನ್ ಹೇಳ್ಲಿ?”

“ಜೊತೆಗೆ ನಾನೂ ಬರ್ತೀನಿ ಬಿಡು.”

ಇಬ್ಬರೂ ಇಳಿದು ಸೈಕಲ್ ತಳ್ಳಿಕೊಂಡೇ ನಡೆದರು.

“ನಿಮ್ಮಮ್ಮ ಯಾವಾಗ ಫೋನ್ ಮಾಡ್ತಾರೆ?” ಎಂದು ಲಾರಸ್ ಕೇಳಿದಳು. “ಸುಂಬಾದಲ್ಲಿ ನಿಮ್ಮನೆ ಹೇಗಿದೆ? ನಿಂಗೆ ಅಲ್ಲಿ ಯಾರು ಗೆಳತಿ?”

ರಂಬು ಹೇಳುತ್ತ ಹೋದಳು. ಲಾರಸ್ ಕೇಳುತ್ತ ಹೋದಳು. ಒಂದರ ಉತ್ತರವೂ ಅವಳಿಗೆ ಮೊದಲೇ ಗೊತ್ತಿರಲಿಲ್ಲ.